ಪ್ಲಗ್ ಮೇಲಿನ ಪೆನ್ಸಿಲ್ ಗೀಟು

ಬಾವಿ ದಾಟಿ ಇಪ್ಪತ್ತು ಹೆಜ್ಜೆ ಹೋಗಿದ್ದ ಅಷ್ಟೇ, ನಮ್ಮಣ್ಣ. ಆಗ ಕೇಳಿಸ್ತು... ಕಿರ್ರ್. ಕಿರ್ರ್. ಕಿರ್ರ್... ಟಕ್.

ಅಣ್ಣ ಅಂದ್ರೆ ನನ್ನ ಚಿಕ್ಕಪ್ಪನ ಮಗ, ಮೆಕ್ಯಾನಿಕ್ಕು. ನಗೋದಿದ್ರೆ ಈಗಲೇ ಎದ್ದು ಹೋಗು ಮಾರಾಯ, ಅರ್ಧದಲ್ಲಿ ಹಲ್ಲು ಕಿರಿದ್ರೆ ನಾನು ಸುಮ್ನಿರೋಳಲ್ಲ. ಅವನು ಸುಳ್ಳು ಹೇಳೋನಲ್ಲ. ಹೇಳೋಕೆ ಬರೋದೂ ಇಲ್ಲ, ಕಿವಿ ಕೆಂಪಗಾಗಿ ಸಿಕ್ಕಿಬೀಳ್ತಾನೆ.

ರಾತ್ರಿ ಹನ್ನೊಂದೂವರೆ. ಶೆಡ್ಡಿಗೆ ತಾನೇ ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಹೊರಟಿದ್ದ. ಶೆಡ್ಡಿನ ಹಿಂದೆ ಒಂದು ಹಾಳು ಬಾವಿ, ಮೇಲೆ ತಗಡು ಮುಚ್ಚಿದಾರೆ. ಅದರ ಪಕ್ಕದಲ್ಲೇ ಮನೆಗೆ ಹೋಗೋ ಕಾಲುದಾರಿ. ಆ ಸದ್ದು ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಜಿನ್ನಿನ ಪ್ಲಗ್ ಬಿಚ್ಚೋ ಪಾನಾ. 'ಸಿಕ್ಕಿಬಿದ್ರಿ ಭಾವ' ಅಂದ್ಕೊಂಡ.

ಭಾವನ ಮೇಲೆ ಯಾಕೆ ಅನುಮಾನ ಅಂತೀಯಾ? ಕೇಳು.

ಭಾನುವಾರ ರೇಸಿತ್ತು. ಕಾಲು ಮೈಲಿ ನೇರ ರಸ್ತೆ, ಅಕ್ಕಪಕ್ಕ ಎರಡು ಕಾರು, ಹನ್ನೆರಡು ಸೆಕೆಂಡು, ಮುಗೀತು. ನಮ್ಮ ಕಾರು ಓಡಿಸೋಳು ಅಣ್ಣನ ತಂಗಿ ಪುಟ್ಟಿ. ಹೆಸರಿಗಷ್ಟೇ ಪುಟ್ಟಿ, ಸ್ಟೇರಿಂಗ್ ಹಿಡಿದ್ರೆ ರಾಕ್ಷಸಿ. ಭಾವ ಅಂದ್ರೆ ಅವಳ ಗಂಡ. ಹೆಂಡ್ತಿ ರೇಸಿಗೆ ಹೋಗೋದು ಅವರಿಗೆ ಸುತರಾಂ ಇಷ್ಟ ಇಲ್ಲ.

ಎಂಜಿನ್ನಲ್ಲಿ ಪ್ಲಗ್ ಕಿಡಿ ಯಾವಾಗ ಹಾರಿಸಬೇಕು ಅನ್ನೋದಕ್ಕೇ ಟೈಮಿಂಗ್ ಅಂತಾರೆ. ಪಿಸ್ಟನ್ ಪೂರ್ತಿ ಮೇಲೆ ಬರೋಕೆ ಸ್ವಲ್ಪ ಮುಂಚೆ ಹಾರಬೇಕು. ಆ ಎಂಜಿನ್ನಿಗೆ ಮೂವತ್ತಾರು ಡಿಗ್ರಿ ಮುಂಚೆ. ಕಮ್ಮಿ ಆದ್ರೆ ಕಾರು ತೆವಳುತ್ತೆ, ಜಾಸ್ತಿ ಆದ್ರೆ ಪಿಸ್ಟನ್ ತೂತು. ನನಗೇನೂ ಗೊತ್ತಿರಲಿಲ್ಲಪ್ಪ, ಅವರ ಮನೇಲಿ ಕೂತೂ ಕೂತೂ ಕಲಿತೆ.

ಅಣ್ಣ ಹೊಸ ಟೈಮಿಂಗ್ ಲೈಟ್ ತಂದಿದ್ದ. ಎಂಜಿನ್ ಮುಂದಿನ ಪುಲ್ಲಿ ಮೇಲಿರೋ ಗುರುತಿಗೆ ಬೆಳಕು ಬಿಟ್ಟು, ಸರಿಯಾಗಿ ಮೂವತ್ತಾರಕ್ಕೆ ತಂದು, ಪ್ಲಗ್ಗುಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಬಿಗಿ ಮಾಡಿ, ಯಾರಾದ್ರೂ ಅದನ್ನ ತಿರುಗಿಸಿ ಟೈಮಿಂಗ್ ಬದಲಾಯಿಸಿದ್ರೆ ಗೊತ್ತಾಗಲಿ ಅಂತ ಅದರ ಬುಡಕ್ಕೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದ. ಪುಟ್ಟಿ ಅವತ್ತೇ ಒಂದು ಟ್ರಯಲ್ ಓಡಿಸಿದ್ಲು. ಮಾರನೇ ಬೆಳಿಗ್ಗೆ ನೋಡಿದ್ರೆ ಗೆರೆ ಎರಡು ತುಂಡು! ಲೈಟ್ ಹಾಕಿದ್ರೆ ಮೂವತ್ತೆರಡು. ಸರಿ ಮಾಡಿದ. ಮಾರನೇ ದಿನ... ಮತ್ತೆ ಮೂವತ್ತೆರಡು.

ಅಷ್ಟೇ ಅಲ್ಲ. ಪ್ಲಗ್ ಬಿಚ್ಚಿದ್ರೆ, ನಾಲ್ಕರ ಬಿಳಿ ಪಿಂಗಾಣಿ ಮೇಲೂ ಒಂದೊಂದು ಪೆನ್ಸಿಲ್ ಗೀಟು. ಒಳಗೆ ಕೂತ ಮೇಲೂ ಕಿಡಿ ಹಾರೋ ಸಂದು ಯಾವ ಕಡೆಗಿದೆ ಅಂತ ತಿಳಿಯೋಕೆ ಹಾಕೋ ಗುರುತು ಅದು. ಹಾಗೆ ಹಾಕ್ತಿದ್ದವರು ಒಬ್ಬರೇ... ಕಿವಿ ಮೇಸ್ತ್ರಿ. ಉದ್ದನೇ ಸ್ಕ್ರೂಡ್ರೈವರ್ ತುದೀನ ಎಂಜಿನ್ನಿಗಿಟ್ಟು, ಹಿಡೀನ ಕಿವಿಗೆ ಒತ್ಕೊಂಡು ಕೇಳ್ತಿದ್ರು, ಅದಕ್ಕೇ ಆ ಹೆಸರು. ಅಣ್ಣನಿಗೂ ಭಾವನಿಗೂ ಕೆಲಸ ಕಲಿಸಿದವರು ಅವರೇ. ಪ್ಲಗ್ ಬಿಗಿ ಮಾಡಿ ಪಾನಾದಲ್ಲಿ ಎರಡು ಸಲ ತಟ್ತಿದ್ರು, ಟಿಣ್ ಟಿಣ್. ಪುಟ್ಟೀನ ಎತ್ತಿ ಆಡಿಸಿದ ಮನುಷ್ಯ. "ಓಟ ಮುಗಿದ ಕೂಡ್ಲೆ ಪ್ಲಗ್ ಬಿಚ್ಚಿ ಬಣ್ಣ ನೋಡ್ರೋ, ಅದು ಹೇಳೋದನ್ನ ಇನ್ಯಾವುದೂ ಹೇಳಲ್ಲ" ಅಂತ ದಿನಾ ಬಡ್ಕೊಳ್ತಿದ್ರು. ಹೋದ ವರ್ಷ ಎದೆನೋವು ಬಂದು, ಅದೇ ಶೆಡ್ಡಿನ ಬೆಂಚಿನ ಮೇಲೆ ಕೂತಲ್ಲೇ ಹೋಗ್ಬಿಟ್ರು, ಪಾಪ.

ಮೇಸ್ತ್ರಿ ಇಲ್ಲ. ಅಣ್ಣ ಗೀಟು ಹಾಕಿಲ್ಲ. ಉಳಿದವರು ಯಾರು, ನೀನೇ ಹೇಳು? ಬೀಗದ ಇನ್ನೊಂದು ಕೈ ಇರೋದೂ ಭಾವನ ಹತ್ರಾನೇ. ಟೈಮಿಂಗ್ ಹಿಂದಕ್ಕೆ ತಳ್ಳಿದ್ರೆ ಕಾರು ಸೋಲುತ್ತೆ, ಸೋತ್ರೆ ಹೆಂಡ್ತಿ ಬೇಜಾರಾಗಿ ರೇಸು ಬಿಡ್ತಾಳೆ. ಪುಟ್ಟಿ ಮನೆಗೆ ಊಟಕ್ಕೆ ಹೋದಾಗೆಲ್ಲ ಅಣ್ಣ ಭಾವನ ಉಗುರನ್ನೇ ನೋಡ್ತಿದ್ದ, ಗ್ರೀಸ್ ಇದ್ಯಾ ಅಂತ. ಭಾವನೂ ಇವನನ್ನ ಒಂಥರಾ ನೋಡ್ತಿದ್ರು. ಮಧ್ಯೆ ಪುಟ್ಟಿ, "ನಿಮಗಿಬ್ಬರಿಗೂ ಏನಾಗಿದೆ?" ಅಂತ ತಲೆ ಚಚ್ಕೊಳ್ತಿದ್ಲು.

ಆ ರಾತ್ರಿಗೆ ಬರೋಣ. ಅಣ್ಣ ಚಪ್ಪಲಿ ಕೈಲಿ ಹಿಡ್ಕೊಂಡು ವಾಪಸ್ ಬಂದ. ಮೆತ್ತಗೆ... ಮೆತ್ತಗೆ. ಬಾವಿ ಹತ್ರ ಬಂದ್ರೆ, ತಗಡಿನ ಪಕ್ಕ ಯಾರೋ ನಿಂತಿದಾರೆ.

"ಯಾರು?"

"ಶ್... ನಾನು."

ಭಾವ! ಹೊರಗೆ!

"ಏನಯ್ಯ, ಮುಗೀತಾ ನಿನ್ನ ಕೆಲಸ?" ಅಂದ್ರು ಪಿಸುಗುಟ್ಟಿ.

"ಯಾವ ಕೆಲಸ?"

"ಟ್ರಯಲ್ ದಿನ ಎಂಜಿನ್ ವಿಪರೀತ ಬಿಸಿ ಏರ್ತಿತ್ತು ಅಂದ್ಳು ಅವಳು. ಗೆಲ್ಲೋ ಹುಚ್ಚಿಗೆ ಟೈಮಿಂಗ್ ಏರಿಸ್ತಿದೀಯ ನೀನು. ಒಳಗೆ ಕೂರೋಳು ನನ್ನ ಹೆಂಡ್ತಿ ಕಣಯ್ಯ."

"ನಾನಾ? ರಾತ್ರಿ ಬಂದು ಇಳಿಸ್ತಿರೋರು ನೀವು!"

"ಆ ಶೆಡ್ಡಿಗೆ ಕಾಲಿಟ್ಟು ತಿಂಗಳಾಯ್ತು ನಾನು."

ಅಷ್ಟರಲ್ಲಿ... ಒಳಗಿನಿಂದ... ಕಿರ್ರ್. ಕಿರ್ರ್. ಕಿರ್ರ್... ಟಕ್.

ಇಬ್ಬರೂ ಹೊರಗೆ. ಬಾಗಿಲ ಮೇಲೆ ಬೀಗ. ಎರಡೂ ಕೀ ಇವರಿಬ್ಬರ ಜೇಬಲ್ಲಿ.

ಆಮೇಲೆ... ಟಿಣ್ ಟಿಣ್.

ಭಾವ ಅಣ್ಣನ ತೋಳು ಹಿಡ್ಕೊಂಡ್ರು. "ಹಾಗೆ ತಟ್ಟೋದು..."

"ಸುಮ್ನಿರಿ ಭಾವ. ಹೇಳ್ಬೇಡಿ."

ಅಣ್ಣ ಬೀಗ ತೆಗೆದ. ಲೈಟ್ ಹಾಕಿದ್ರು. ಒಳಗೆ ನರಪಿಳ್ಳೆ ಇಲ್ಲ. ಬಿಳಿ ಗೆರೆ ಮತ್ತೆ ತುಂಡಾಗಿತ್ತು. ಬೆಂಚಿನ ಮೇಲೆ ಒಂದು ಹಳೇ ಪೇಪರ್ ಹಾಸಿ, ಅದರ ಮೇಲೆ ನಾಲ್ಕು ಪ್ಲಗ್ ಸಾಲಾಗಿ ಇಟ್ಟಿತ್ತು. ಟ್ರಯಲ್ ದಿನದ ಪ್ಲಗ್ಗುಗಳು! ಟೈಮಿಂಗ್ ಲೈಟ್ ಇದೆಯಲ್ಲ, ಪ್ಲಗ್ ಯಾರು ನೋಡ್ತಾರೆ ಅಂತ ಅಣ್ಣ ಹಾಗೇ ಗುಜರಿ ಡಬ್ಬಿಗೆ ಎಸೆದಿದ್ದ.

ಭಾವ ಒಂದೊಂದಾಗಿ ದೀಪಕ್ಕೆ ಹಿಡಿದ್ರು. ಮೂರನೇದರಲ್ಲಿ ಕೈ ನಿಂತ್ಬಿಡ್ತು. ಪಿಂಗಾಣಿ ತುದಿ ಮೇಲೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ. ಅದೇನು ಗೊತ್ತಾ? ಪಿಸ್ಟನ್ ಕರಗಿ ಸಿಡಿದಿರೋದು.

"ಎಷ್ಟಕ್ಕೆ ಇಟ್ಟಿದ್ದೆ?"

"ಮೂವತ್ತಾರು. ಲೈಟಲ್ಲಿ ನೋಡೇ ಇಟ್ಟೆ, ನಿಮ್ಮಾಣೆ."

"ಲೈಟ್ ಸರಿಯಯ್ಯ. ಪುಲ್ಲಿ ಮೇಲಿನ ಗುರುತು ಸರಿನಾ?"

ಪ್ಲಗ್ ತೂತಿಂದ ಒಂದು ಕಡ್ಡಿ ಬಿಟ್ಟು, ಎಂಜಿನ್ನನ್ನ ಕೈಲಿ ತಿರುಗಿಸಿ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ನಿಲ್ಲಿಸಿದ್ರು. ಆಗ ಗುರುತು ಸೊನ್ನೆಗೆ ನಿಲ್ಲಬೇಕು. ನಿಂತಿದ್ದು ಸೊನ್ನೆ ದಾಟಿ ನಾಲ್ಕು ಡಿಗ್ರಿ ಮುಂದೆ. ಆ ಪುಲ್ಲಿ ಒಳಗೊಂದು ತುಂಡು, ಹೊರಗೊಂದು ಬಳೆ, ನಡುವೆ ರಬ್ಬರು. ರಬ್ಬರು ಹಳೇದಾಗಿ, ಗುರುತಿರೋ ಆ ಬಳೆ ಜಾರಿಬಿಟ್ಟಿತ್ತು. ಅಣ್ಣ ಮೂವತ್ತಾರು ಅಂತ ಇಟ್ಟಿದ್ದೆಲ್ಲ ನಿಜಕ್ಕೂ ನಲವತ್ತು. ರಾತ್ರಿ ಬದಲಾಗ್ತಿದ್ದ ಮೂವತ್ತೆರಡೇ ನಿಜವಾದ ಮೂವತ್ತಾರು.

ನಲವತ್ತರಲ್ಲೇ ಭಾನುವಾರ ಹೋಗಿದ್ರೆ... ಪಿಸ್ಟನ್ ತೂತು, ಚಕ್ರದಡಿ ಎಣ್ಣೆ, ನೂರೆಂಬತ್ತು ಸ್ಪೀಡಲ್ಲಿ ನಮ್ಮ ಪುಟ್ಟಿ. ಅಣ್ಣ ನೆಲದ ಮೇಲೆ ಕೂತು ಗೊಳೋ ಅಂತ ಅತ್ತ. "ನಾನೇ ಕೊಲ್ತಿದ್ನಲ್ಲ ಭಾವ ಅವಳನ್ನ" ಅಂದ. ಭಾವ ಅವನ ಪಕ್ಕದಲ್ಲೇ ಕೂತ್ರು.

ಮಾರನೇ ದಿನವೇ ಹೊಸ ಪುಲ್ಲಿ ತಂದು ಹಾಕಿದ್ರು. ಮೂವತ್ತಾರಕ್ಕಿಟ್ಟು ಮತ್ತೆ ಬಿಳಿ ಗೆರೆ ಎಳೆದ್ರು. ಆಮೇಲೆ ಆ ಗೆರೆ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ಭಾನುವಾರ ನಾನೂ ಹೋಗಿದ್ದೆ. ಅಣ್ಣ ಅಲ್ಲೇ ನಾಲ್ಕು ಹೊಸ ಪ್ಲಗ್ ಹಾಕಿದ. ಅಂಗಡಿಯ ಡಬ್ಬಿ ಒಡೆದು ಒಂದೊಂದಾಗಿ ಕೊಟ್ಟವಳು ನಾನೇ. ಹಾಲಿನಂಥ ಬಿಳಿ ಪಿಂಗಾಣಿ, ಒಂದು ಕಲೆ ಇರಲಿಲ್ಲ. ಬಾನೆಟ್ ಮುಚ್ಚಿ, ಕಾರು ಓಟದ ಗೆರೆಗೆ ಹೋಗೋ ತನಕ ನಾನು ಅಲ್ಲಾಡಲಿಲ್ಲ. ಭಾವ ರಸ್ತೆಯ ಆ ತುದೀಲಿ ಕಂಬಿ ಹಿಡ್ಕೊಂಡು ನಿಂತಿದ್ರು.

ಪುಟ್ಟಿ ಎರಡನೆಯವಳಾಗಿ ಬಂದ್ಲು. ಹೆಲ್ಮೆಟ್ ಕಿತ್ತೆಸೆದು ಬೈದಾಡಿದ್ಲು. ಭಾವ ಮಾತ್ರ ಅವಳನ್ನ ತಬ್ಕೊಂಡು ಬಿಡಲೇ ಇಲ್ಲ.

ಅಣ್ಣ ಓಟ ಮುಗಿದ ಕೂಡ್ಲೆ ಎಂಜಿನ್ ಆಫ್ ಮಾಡಿಸಿ, ಕಾರು ತಳ್ಕೊಂಡು ಬಂದು, ಬಟ್ಟೇಲಿ ಹಿಡಿದು ಬಿಸಿ ಪ್ಲಗ್ ಬಿಚ್ಚಿದ, ಮೇಸ್ತ್ರಿ ಹೇಳ್ತಿದ್ದ ಹಾಗೇ. ತುದಿ ಚೆನ್ನಾಗಿತ್ತು, ಒಂದು ಬೆಳ್ಳಿ ಚುಕ್ಕೆ ಇಲ್ಲ. ಮೇಲೆ ಪಿಂಗಾಣಿಗೆ... ಪೆನ್ಸಿಲ್ ಗೀಟು. ನಾಲ್ಕಕ್ಕೂ.

ಅಣ್ಣ ನಿಧಾನವಾಗಿ ತಲೆಯೆತ್ತಿ ನನ್ನ ಮುಖ ನೋಡಿದ. ಇವತ್ತಿಗೂ ಒಮ್ಮೊಮ್ಮೆ ಹಾಗೇ ನೋಡ್ತಾನೆ, ನೀನು ಈಗ ನೋಡ್ತಿದೀಯಲ್ಲ, ಹಾಗೆ.

ನಾನು ಹಾಕಿಲ್ಲ ಕಣೋ. ನನ್ನ ಹತ್ರ ಪೆನ್ಸಿಲ್ಲೇ ಇರಲಿಲ್ಲ.