ಯಜಮಾನರಿಲ್ಲದ ಹಕ್ಕಿ

ಹಲೋ… ಹಾಂ, ಯಾರು ಮಾತಾಡ್ತಿರೋದು?

…ವೆಂಕಟರತ್ನಮ್ಮನಾ? ಕೆಂಚಾರ್ಲಹಳ್ಳಿಯಿಂದಾನಾ? ಹೇಳಿಯಮ್ಮ. ನಾನು ಹರಿತಾ. ಹೌದು, ಕೆರೆ ಹತ್ರ ಹಕ್ಕಿ ಹಿಡಿದು ಬಳೆ ಹಾಕಿ ಬಿಡ್ತಾಳಲ್ಲ, ಅವಳೇ. ಹಾಲಿನ ಡೈರಿ ಗೋಡೇಲಿ ನಂಬರ್ ನೋಡಿದ್ರಾ?

…ಏನು? ಕಾಲಲ್ಲಿ ಬಳೆ ಇದೆಯಾ? ಸರಿಯಾಗಿ ನೋಡಿದ್ರಾ? …ಬೆಳ್ಳಗೆ ಹೊಳೀತಿದೆ. ಅಯ್ಯೋ ದೇವ್ರೇ. ಹಕ್ಕಿ ಹೆಂಗಿದೆ, ಹೇಳಿ. ಹೊಟ್ಟೆ ಹಳದಿ… ಬಾಲ ಕುಣಿಸ್ತಾನೇ ಇತ್ತಾ? ಸಿಪಿಲೆ ಅಮ್ಮ ಅದು, ಸಿಪಿಲೆ!

…ರೇಷ್ಮೆ ಹುಳು ಸಾಕೋ ಮನೆ ಒಳಗೆ ಬಂದುಬಿಡ್ತಾ? ಪರದೆ ಸಂದೀಲಿ… ಹಾಂ. ಈಗೆಲ್ಲಿದೆ? …ಮಕ್ಕರಿ ಬುಟ್ಟಿ ಕೆಳಗಾ? ಕಾಲಿಗೆ ದಾರ ಬೇರೆ ಕಟ್ಟಿದೀರಾ? ಯಾಕಮ್ಮ?

…ಅಲ್ಲ, ಬೈತಿಲ್ಲ. ನಿಮ್ಮನ್ನ ಯಾಕೆ ಬೈಲಿ? ಬಳೆ ಇದೆ ಅಂದ್ರೆ ಯಾರದೋ ಸಾಕಿದ ಹಕ್ಕಿ, ಅವರು ಬರೋವರೆಗೂ ಜೋಪಾನ ಮಾಡಣ ಅಂತ… ಅರ್ಥ ಆಯ್ತು. ಯಾರದೋ ಕರು ತಪ್ಪಿಸ್ಕೊಂಡು ಬಂದ್ರೆ ಕಟ್ಟಿಹಾಕ್ತೀವಲ್ಲ, ಹಂಗೆ. ಆದ್ರೆ ಇದಕ್ಕೆ ಯಜಮಾನ್ರು ಯಾರೂ ಇಲ್ಲಮ್ಮ. ನಾನೂ ಅಲ್ಲ.

…ತೆಲುಗಲ್ಲೇ ಹೇಳಿ, ಪರವಾಲೇದು. ನನಗೂ ಬರುತ್ತೆ, ನಮ್ಮದು ಗೌರಿಬಿದನೂರು ಕಡೆ.

…ಬಳೆ ಗುರುತಿಗೆ. ಹೋಗಿದ್ದು ತಿರುಗಿ ಬಂತಾ ಅಂತ ತಿಳಿಯೋಕೆ. ಈ ವರ್ಷ ನನ್ನ ಬಲೆಗೆ ಒಂದು ಸಿಪಿಲೇನೂ ಬಿದ್ದಿಲ್ಲ. ಅಂದ್ರೆ ಇದು ಹಳೇದು. ಹಿಂದಿನ ವರ್ಷ ಯಾವಾಗ್ಲೋ ನಾವೇ ಹಾಕಿದ್ದಿರಬೇಕು. ಹಿಮಾಲಯ ದಾಟಿ ಹೋಗಿ ನಿಮ್ಮ ಹಿಪ್ಪುನೇರಳೆ ತೋಟಕ್ಕೇ ಬಂದಿದೆ, ಗೊತ್ತಾ? ಇಷ್ಟು ವರ್ಷದಲ್ಲಿ ಒಂದೂ ತಿರುಗಿ ಸಿಕ್ಕಿರ್ಲಿಲ್ಲಮ್ಮ. ಹಾಕೋದು, ಬಿಡೋದು, ಅಷ್ಟೇ. ಇದನ್ನೆಲ್ಲ ಯಾಕೆ ಮಾಡ್ತಿದೀನಿ ಅಂತ ನನಗೇ ಅನ್ಸೋಕೆ ಶುರುವಾಗಿತ್ತು.

…ಬಳೆ ಮೇಲೆ ಅಂಕಿ ಇದೆ, ಓದ್ತೀರಾ? ಅದೊಂದು ಸಿಕ್ಕಿದ್ರೆ… ಕನ್ನಡಕ ಹಾಕ್ಕೊಂಡ್ರೂ ಕಾಣಲ್ವಾ? ಫೋಟೋ? …ಬಟನ್ ಫೋನು. ಸರಿ. ಮನೇಲಿ ಬೇರೆ ಯಾರಿದ್ದಾರೆ? …ಸೊಸೆ ತನುಜ. ಎಷ್ಟೊತ್ತಿಗೆ ಬರ್ತಾಳೆ? …ಸಾಯಂಕಾಲ.

…ನಾನಾ? ಬರೋಕಾಗಲ್ಲಮ್ಮ. ಬಲೆ ಕಟ್ಟಿದೀನಿ. ಬಿಟ್ಟು ಬಂದ್ರೆ ಸಿಕ್ಕಿಕೊಂಡವು ಬಿಸಿಲಲ್ಲಿ ನೇತಾಡ್ಕೊಂಡೇ ಸಾಯ್ತವೆ. ಜೊತೇಲಿ ಮುರಳಿಮೋಹನ್ ಅಂತ ಇದ್ದ. ಜ್ವರ ಬಂದು ಊರಿಗೆ ಹೋದ. ಈಗ ನಾನೊಬ್ಬಳೇ.

…ಏನಾದ್ರೂ ತಿಂತಾ ಅದು? …ರೇಷ್ಮೆ ಹುಳು ಹಾಕಿದ್ರಾ? ನಿಮ್ಮ ಹುಳುನೇ? ಎಂಥಾ ಹೆಂಗಸಮ್ಮ ನೀವು! …ಮುಟ್ಟಲಿಲ್ವಾ. ಬಾಯಿ ತೆರ್ಕೊಂಡಿದೆಯಾ? ತೆರ್ಕೊಂಡೇ ಇದೆಯಾ?

…

ಅಂದ್ರೆ ಏದುಸಿರು ಬಿಡ್ತಿದೆ. ಕೇಳಿ. ಸಾಯಂಕಾಲದವರೆಗೂ ಅದು ಇರಲ್ಲ. ಕತ್ತರಿ ಇದೆಯಾ? ಫೋನ್ ಪಕ್ಕಕ್ಕಿಡಿ, ಸ್ಪೀಕರ್ ಹಾಕಿ. ಅಂಗೈಯಲ್ಲಿ ಅದರ ಬೆನ್ನು ಬರೋ ಹಂಗೆ ಹಿಡೀರಿ. ಕತ್ತು ಎರಡು ಬೆರಳ ಮಧ್ಯ. ಅಮುಕಬೇಡಿ, ಎದೆ ಮೇಲೆ ಭಾರ ಬಿದ್ರೆ ಉಸಿರು ನಿಲ್ಲುತ್ತೆ… ಹಾಂ, ಮೊಟ್ಟೆ ಹಿಡಿದಂಗೆ. ಈಗ ದಾರ. ಎಳೀಬೇಡಿ, ಕತ್ತರಿಸಿ.

…ಬಂತಾ? ಪೂರ್ತಿ ಬಂತಾ?

…ಅಂಕಿ ಬೇಡಮ್ಮ. ಬೇಡ, ನಿಜವಾಗ್ಲೂ ಬೇಡ. ಓದೋಕೆ ಯಾರನ್ನೂ ಕರೀಬೇಡಿ, ಅಷ್ಟೊತ್ತು ಕೈಯಲ್ಲಿ ಇಟ್ಕೋಬೇಡಿ. ಅಂಗಳಕ್ಕೆ ತಂದು ಕೈ ತೆರೀರಿ.

…

ಅಮ್ಮ? …ಹಾರ್ತಾ? …ನಿಜ ಹೇಳ್ತಿದೀರಾ, ಸಮಾಧಾನಕ್ಕೆ ಹೇಳ್ತಿಲ್ಲ ತಾನೆ? …ತಂತಿ ಮೇಲೆ ಕೂತು ಬಾಲ ಕುಣಿಸ್ತಿದೆ! ಅಬ್ಬ.

…ಅಳ್ತಿಲ್ಲ. ಇಲ್ಲಿ ಗಾಳಿ ಜಾಸ್ತಿ. …ಸರಿ, ಅಳ್ತಿದೀನಿ, ಏನೀಗ? ಅದು ನಮ್ಮದೇನಾ ಅಂತ ಇನ್ನು ಯಾವತ್ತೂ ಗೊತ್ತಾಗಲ್ಲ, ಅದಕ್ಕೆ. ನೀವೇನೂ ತಪ್ಪು ಮಾಡಿಲ್ಲ. ಬಿಡಿ ಅಂದಿದ್ದು ನಾನೇ ತಾನೆ?

…ಊಟನಾ? ಅನ್ನ ಇದೆ. ಒಬ್ಬಳಿಗೆ ಸಾರು ಮಾಡ್ಕೊಳ್ಳೋಕೆ ಬೇಜಾರು, ಮೊಸರು ಕಲಸ್ಕೊತೀನಿ. ಅಮ್ಮ, ಫೋನ್ ಇಡಬೇಡಿ, ಇನ್ನೊಂಚೂರು ಮಾತಾಡಿ. ಏನಾದ್ರೂ ಹೇಳಿ. ಇಲ್ಲಿಗೆ ಬಂದ್ಮೇಲೆ ನನ್ನನ್ನ ಊಟ ಆಯ್ತಾ ಅಂತ ಕೇಳಿದೋರು ನೀವೇ.

…ಹಾಂ. ಹುಳುಗೆ ಸೊಪ್ಪು ಹಾಕೋ ಹೊತ್ತಾ? ಅವು ಕಾಯಲ್ಲ ಅಲ್ವಾ… ಗೊತ್ತಮ್ಮ, ಗೊತ್ತು. ಹೋಗಿ, ಹಾಕಿ. ನಾನೂ ಬಲೆ ನೋಡ್ಬೇಕು.

…ಅಮ್ಮ, ಇನ್ನೂ ತಂತಿ ಮೇಲೇ ಇದೆಯಾ? ಒಂದ್ಸಲ ನೋಡಿ ಹೇಳಿ ಹೋಗಿ. ಅಮ್ಮ? …ಹಲೋ? …ಹಲೋ?