ಹೋಳಿ ಪಿಚ್ಚರಿನ ಮೊದಲ ಹೆಣ

“ಹಲೋ... ಹಲೋ, ಯಾರ್ರಿ ಮಾತಾಡೋದು? ... ಯಾವ ಸೂರ್ಯಕಾಂತ? ... ಹಿರೋಳ್ಳಿ ಸೂರ್ಯಾನಾ? ಹಾಂ, ಹಂಗ ಹೇಳಲೇ! ನಂಬರ್ ಬದಲಿ ಮಾಡಿದ್ರ ನಾ ಹ್ಯಾಂಗ ಗುರ್ತ ಹಿಡೀಲಿ?”

ಜೇವರ್ಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ನೆಲೋಗಿ ಬಸ್ಸಿಗೆ ಕಾಯುತ್ತಿದ್ದ ಶಿಕ್ಷಕಿ ಪಂಚಶೀಲಾ ತೊಡೆಯ ಮೇಲಿನ ಚೀಲವನ್ನು ಕೆಳಗಿಟ್ಟಳು. ಈ ಕರೆ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕಾಲೇಜಿನಲ್ಲಿ ಅವಳ ನಾಟಕಗಳಿಗೆ ಪರದೆ ಎಳೆಯುತ್ತಿದ್ದ ಸೂರ್ಯಕಾಂತ ಈಗ ಸಿನಿಮಾ ನಿರ್ದೇಶಕ. ಹೋಳಿ ಹುಣ್ಣಿಮೆಯ ದಿನ ಒಬ್ಬೊಬ್ಬರನ್ನೇ ಕೊಚ್ಚಿಹಾಕುವ ಕೊಲೆಗಾರನ ಕಥೆ ಅವನ ಮೊದಲ ಚಿತ್ರ. ಚಿತ್ರೀಕರಣ ನೆಲೋಗಿಯಲ್ಲೇ ನಡೆದಿತ್ತು. ಅದರಲ್ಲಿ ಎಲ್ಲರಿಗಿಂತ ಮೊದಲು ಸಾಯುವ ಹೆಂಗಸಿನ ಪಾತ್ರ ಪಂಚಶೀಲಾಳದು.

“ನೋಡೇನಿ, ನೋಡೇನಿ. ನಿನ್ನ ಪಿಚ್ಚರ್ ನಿನ್ನೆ ಕಲಬುರ್ಗಿಯಾಗ, ನಮ್ಮ ಸಾಲಿ ಮಹೆಕ ಟೀಚರ್ ಜೋಡಿ... ಹ್ಯಾಂಗದ ಅಂದ್ರ... ಖರೇ ಹೇಳ್ಲಾ, ಬೆಲ್ಲ ಹಚ್ಚಿ ಹೇಳ್ಲಾ? ... ಖರೇನೇ ಬೇಕಾ? ಆಮ್ಯಾಲ ಅಳಬಾರ್ದು ನೋಡು.”

...

“ಮೊದಲ ಚಲೋದು ಕೇಳು. ಎಲ್ಲಾರ ಮಾರಿಗೂ ಬಣ್ಣ, ಖೂನಿ ಮಾಡಾವನ ಮಾರಿಗೂ ಬಣ್ಣ. ಯಾರಂತ ಹಿಡೀತಿ? ಅದು ಬರೋಬ್ಬರಿ ಹತ್ತೇದ. ರಕ್ತ ಅಂಗಳಕ್ಕ ಹರಿದು ಬಂದಾಗ ಸಣ್ಣ ಹುಡುಗೂರು ಬಣ್ಣ ಅಂತ ತಿಳದು, ಅದರಾಗ ಕೈ ಅದ್ದಿ ನಗ್ತಾವಲ್ಲ... ಮಹೆಕ ನನ್ನ ಕೈ ಹಿಡದಾಕಿ ಬಿಡ್ಲೇ ಇಲ್ಲ. ಹಲಗಿ ಸಪ್ಪಳ ಒಮ್ಮಿಗೇ ನಿಂತಾಗ ಶೇಂಗಾ ತಿನ್ನೋರು ಸುದ್ದಾ ಬಾಯಿ ನಿಲ್ಸಿದ್ರು... ಸಾಕು, ಭಾಳ ಉಬ್ಬಬ್ಯಾಡ. ಮುಂದ ಅದ.”

...

“ನಿನ್ನ ಖೂನಿಗಾರ ಕುಡುಗೋಲು ಹಿಡ್ಕೊಂಡು ಮೆರವಣಿಗಿಯಾಗಿನ ಮದುಮಗನಂಗ ಸಾವಕಾಶ ನಡೀತಾನ. ಜೀವಾ ಕೈಯಾಗ ಹಿಡ್ಕೊಂಡು ಓಡೋರ್ನೆಲ್ಲಾ ಹಿಡೀತಾನ. ಹ್ಯಾಂಗ? ... ಜ್ವಾಳದಾಗ ಅಡಗಿಕೊಂಡು? ಹೋಳಿ ಹೊತ್ತಿಗೆ ಜ್ವಾಳ ಕೊಯ್ದು ರಾಶಿ ಆಗಿರ್ತದಲೇ, ಹೊಲ ಬಟಾಬಯಲು! ಸಂಕ್ರಾಂತಿ ಹೊತ್ತಿಗೆ ಹೋಳಿ ಶೂಟಿಂಗ್ ಮಾಡಿದ್ರ ಹಿಂಗೇ ಆಗೋದು.”

...

“ಮತ್ತ ನಿನ್ನ ಹೀರೋಯಿನ್ ಹುಡುಗಿ, ಒಬ್ಬಾಕಿನೇ ಕತ್ತಲ್ಯಾಗ ‘ಯಾರದು?’ ಅಂತ ಹೊಂಟಾಳ. ನೆಲೋಗಿಯಾಗ ಹೆಣ್ಮಗಳು ಓಣಿ ದಾಟಬೇಕಾದ್ರ ಅರ್ಧ ಊರು ‘ಎಲ್ಲಿಗವಾ?’ ಅಂತ ಕೇಳ್ತದ. ಖೂನಿ ಮಾಡಾವ ಮೊದಲ ಅವರಿಗೆಲ್ಲಾ ಜವಾಬು ಕೊಟ್ಟು ಬರಬೇಕು... ನಗಬ್ಯಾಡ. ಕಡೀಕ ಆಕಿನ್ನ ಕಂಬಕ್ಕ ಕಟ್ಟಿ ತನ್ನ ಸಣ್ಣಂದಿನ ಕಥಿ ಹೇಳ್ಕೋತ ನಿಲ್ತಾನ. ಕಡ್ಯಾಕ ಬಂದಾನೋ, ಓಟು ಕೇಳಾಕ ಬಂದಾನೋ?”

ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು. ಪಂಚಶೀಲಾಳಿಗೂ ನಗು ಬಂತು. ಅಷ್ಟರಲ್ಲಿ ಸೂರ್ಯಕಾಂತ ತಾನು ಕರೆ ಮಾಡಿದ ಕಾರಣ ಹೇಳಿದ, ಬಂದ ನಗು ಅಲ್ಲೇ ಇಂಗಿತು.

“ಏನು? ವಿಡಿಯೋನಾ? ... ‘ಇದು ನಮ್ಮ ಭಾಗದ ಪಿಚ್ಚರ್, ಎಲ್ಲಾರೂ ಬರ್ರಿ’ ಅಂತ ನಾ ಹೇಳ್ಬೇಕಾ? ... ಬೆಂಗಳೂರಾಗ ಥೇಟರ್ ಖಾಲಿ ಹೊಡದ ಮ್ಯಾಲ ಆಳಂದ, ಅಫಜಲಪುರ ನೆನಪಾದ್ವು, ಅಲ್ವಾ?”

...

“ಅದೆಲ್ಲಾ ಇರ್ಲಿ. ಸೂರ್ಯಾ, ನನ್ನ ದನಿ ಎಲ್ಲಿ ಹೋತು? ... ಮಾತು ಬದಲಿಸಬ್ಯಾಡ. ನನ್ನ ದನಿ ಎಲ್ಲಿ ಹೋತು ಅಂತ ಕೇಳಾಕತ್ತೇನಿ.”

ಆ ಒಂದು ದೃಶ್ಯಕ್ಕಾಗಿ ಅವಳು ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಕುಳಿತಿದ್ದಳು. ಹೋಳಿಯ ಬಣ್ಣ ತೊಳೆಯಲು ಅಂಗಳದಲ್ಲಿ ಕುಳಿತ ಹೆಂಗಸು. ಮುಖದ ತುಂಬ ಸಾಬೂನಿನ ನೊರೆ, ಕಣ್ಣು ಮುಚ್ಚಿದೆ. ನೀರು ಹಾಕುತ್ತಿರುವವನು ಕೊಲೆಗಾರ, ಅವಳು ಮಾತ್ರ ತನ್ನ ಮಗಳೆಂದೇ ನಂಬಿದ್ದಾಳೆ. ತೆರೆಯ ಮೇಲೆ ಮುಖವೇನೋ ಪಂಚಶೀಲಾಳದೇ ಇತ್ತು. ಬಾಯಿಂದ ಬಂದದ್ದು ಮತ್ತೊಬ್ಬಳ ದನಿ.

“‘ಇನ್ನೊಂದು ಚೊಂಬು ನೀರು ಹಾಕು ಪುಟ್ಟಿ, ಕಣ್ಣು ಉರೀತಿದೆ ಕಣೇ’... ಕಣೇ! ನೆಲೋಗಿ ಅಂಗಳದಾಗ ಕಣೇ! ಥೇಟರಿಗೆ ಥೇಟರೇ ನಗ್ತಲೇ. ನಾ ಸಾಯಾಕತ್ತೇನಿ, ಮಂದಿ ಹೊಟ್ಟಿ ಹಿಡ್ಕೊಂಡು ನಗಾಕತ್ತಾರ. ಸೆರಗು ಮಾರಿ ಮ್ಯಾಲ ಎಳ್ಕೊಂಡು ಕುಂತಿದ್ದೆ ನಾನು... ಇಡೀ ಪಿಚ್ಚರಿನಾಗ ನಮ್ಮ ಮಾತು ಆಡೋರು ಯಾರು ಹೇಳು? ಒಬ್ಬ ಕುಡುಕ, ಇನ್ನೊಬ್ಬ ಖೂನಿಗಾರ. ಮರ್ಯಾದಸ್ಥರೆಲ್ಲಾ ಬೆಂಗಳೂರು ಮಾತು ಆಡ್ಕೋತ ಸಾಯ್ತಾರ!”

...

“ನಮ್ಮ ಮಾತು ಯಾರಿಗೆ ತಿಳಿಯಂಗಿಲ್ಲ? ... ಪ್ರೊಡ್ಯೂಸರ್ ಅಂದ್ರಾ? ನಿನಗ ಬಾಯಿ ಇದ್ದಿಲ್ಲಾ? ... ಏನು? ಬಾಜೂಕೇ ಕುಂತಾರಾ? ಎಲ್ಲಾ ಕೇಳಾಕತ್ತಾರಾ?”

 ಆಡಿದ ಮಾತನ್ನು ನುಂಗಿಕೊಳ್ಳುವ ಹೆಂಗಸಲ್ಲ ಪಂಚಶೀಲಾ.

“ಕೇಳ್ಲಿ. ಫೋನ್ ಅವರ ಕೈಯಾಗೇ ಕೊಡು... ನಮಸ್ಕಾರ್ರಿ ಸರ್. ಹೌದ್ರಿ, ನಾನೇ, ನಿಮ್ಮ ಮೊದಲ ಹೆಣ... ವಿಡಿಯೋ ಆಮ್ಯಾಲ ನೋಡೂಣ್ರಿ. ಮೊದಲ ಇಷ್ಟು ಕೇಳ್ರಿ.”

ಅವಳು ಕಣ್ಣು ಮುಚ್ಚಿಕೊಂಡಳು. ದನಿ ಎತ್ತಲಿಲ್ಲ, ತಗ್ಗಿಸಿದಳು.

“ಇನ್ನೊಂದ್ ಚರಗಿ ಹಾಕವಾ... ಕಣ್ಣು ಉರಿಯಾಕತ್ತಾವ... ಹಾಂ, ಹಂಗ... ಯಾಕವಾ, ಮಾತಾಡವಲ್ಲಿ? ... ನಿನ್ನ ಕೈಯಾಗಿನ ಬಳಿ ಸಪ್ಪಳ ಯಾಕ ಬರವಲ್ದು?”

ಪಕ್ಕದ ಮುದುಕಿ ತಟ್ಟನೆ ಎದ್ದು ಬೆಂಚಿನ ಆ ತುದಿಗೆ ಹೋಗಿ ಕುಳಿತಳು. 

“ಹಲೋ? ಸರ್, ಅದೀರಾ? ... ಅಂಜಿಕಿ ಬಂತ್ರಿ? ... ಏನು ತಿಳೀಲಿಲ್ರಿ? ... ಚರಗಿ? ಚೊಂಬ್ರಿ ಅದು. ತಿಳೀದೇನೇ ಅಂಜಿದ್ರಲ್ಲಾ ಮತ್ತ! ... ಅದ್ರಿ, ಅದ. ಶೂಟಿಂಗದಾಗ ದನಿ ಹಿಡದಾವ ಅಫಜಲಪುರದ ಬಿಲಾಲ, ಅವನ ಹತ್ರ ನನ್ನ ದನಿ ಹಂಗೇ ಅದ... ಹಚ್ತೀರಾ? ಖರೇನಾ? ಈ ಕಡಿ ಥೇಟರಿಗೆಲ್ಲಾ? ... ಹಂಗಾದ್ರ ವಿಡಿಯೋ ಮಾಡ್ತೇನ್ರಿ, ಬೇಕಾದ್ರ ಊರೂರು ತಿರುಗಿ ಡಂಗೂರ ಹೊಡೀತೇನಿ.”

...

“ಏನಂದ್ರಿ? ಖೂನಿಗಾರನ ಮಾತು ಬದಲಿ ಮಾಡ್ಲಾ ಅಂತೀರಾ? ಬ್ಯಾಡ್ರಿ, ಬ್ಯಾಡ. ಕೊಲ್ಲಾವ ನಮ್ಮಾವನೇ ಇರ್ಲಿ. ಸಾಯೋರೂ ನಮ್ಮೋರೇ ಆಗ್ಲಿ... ನನ್ನ ದನಿ ಯಾವಾಗ ಹಚ್ತೀರಿ? ... ಹಲೋ? ಯಾವಾಗಂದ್ರಿ? ... ಸೂರ್ಯಾ? ... ಹಲೋ...”

ಅಷ್ಟರಲ್ಲಿ ಲೈನು ಕಡಿದುಹೋಗಿತ್ತು.