ಮೂವತ್ತು ಎಸೆತ, ಒಂದು ಡಬ್ಬಿ ಒಬ್ಬಟ್ಟು

...ಅಯ್ಯೋ, ಕೂತ್ಕೊಳೋ ಮಾರಾಯ! ಹಾಗೆ ಬಾಗಿಲಲ್ಲೇ ನಿಂತ್ರೆ ಹೇಗೆ? ಆರಡಿ ಐದಿಂಚು ಇದೀಯ, ಬರ್ಮಿಂಗ್ಹ್ಯಾಮಿನ ಈ ಸೆಲ್ಲಿ ಓಕ್ ಮನೆಗಳನ್ನ ನಿನ್ನಂಥವರಿಗೆ ಅಂತ ಕಟ್ಟಿಲ್ಲ. ತಲೆ... ಈಶಾನ್, ತಲೆ ನೋಡ್ಕೋ! ಹ್ಞಾಂ. ಆ ಕುರ್ಚಿ ಬೇಡ, ಅದರ ಒಂದು ಕಾಲು ಅಲ್ಲಾಡುತ್ತೆ. ಇದರಲ್ಲಿ ಕೂತ್ಕೋ. ರೂಮ್‌ಮೇಟ್ ಸಾತ್ವಿಕನ ಬಟ್ಟೆ ಆ ಕಡೆ ತಳ್ಳು, ಅವನು ಲೈಬ್ರರಿಗೆ ಹೋಗಿದಾನೆ. ಮನೇಲಿ ಯಾರೂ ಇಲ್ಲ, ನಾವಿಬ್ರೇ.

ಕೈಯಲ್ಲಿ ಏನದು? ಡಬ್ಬಿನಾ? ಅಮ್ಮ ಕೊಟ್ಟು ಕಳಿಸಿದ್ರಾ? ಸಟನ್ ಕೋಲ್ಡ್‌ಫೀಲ್ಡಿಂದ ಟ್ರೈನಲ್ಲಿ ಇದನ್ನ ತೊಡೆ ಮೇಲಿಟ್ಕೊಂಡು ಬಂದ್ಯಾ! ಇಡು, ಅಲ್ಲೇ ಇಡು. ಚಟ್ನಿಪುಡಿ ಇರ್ಬೇಕು. ಕಳೆದ ಭಾನುವಾರ ಊಟಕ್ಕೆ ಬಂದಾಗ ಖಾಲಿಯಾಗಿದೆ ಆಂಟಿ ಅಂದಿದ್ದೆ. ಮರೆಯಲ್ಲ ನೋಡು ನಿಮ್ಮಮ್ಮ. ನಾನು ಒಂದು ಮಾತು ಆಡಿದ್ರೆ ಸಾಕು, ಮುಂದಿನ ವಾರ ಡಬ್ಬಿ ಬಂದಿರುತ್ತೆ.

ಟೀ ಮಾಡ್ಲಾ? ಬೇಡ್ವಾ? ನಾನಂತೂ ಮಾಡ್ಕೋತೀನಿ. ಬೆಳಗ್ಗೆಯಿಂದ ಇದು ಐದನೆಯದು.

ಗಡಿಯಾರ ಯಾಕೆ ನೋಡ್ತೀಯ? ಗೊತ್ತು, ಗೊತ್ತು. ಇನ್ನೂ ನಾಲ್ಕು ಆಗಿಲ್ಲ. ಐದಕ್ಕೆ ಆಯ್ಕೆಯ ಕೊನೇ ಪಟ್ಟಿ ಮುಚ್ತಾರೆ, ಆಮೇಲೆ ಆ ಅಮೇರಿಕದವರು ಮ್ಯಾಂಚೆಸ್ಟರಿಂದ ವಿಮಾನ ಹತ್ತುತಾರೆ, ಅಲ್ಲಿಗೆ ಕಥೆ ಮುಗೀತು. ನಿನ್ನ ಹೆಸರಿಲ್ಲದೆ ನಿನ್ನೆ ಬಂದಿದ್ದು ಬರೀ ಮೊದಲನೇ ಪಟ್ಟಿ, ನಿಜ. ಆದ್ರೆ ಈಶಾನ್, ಮೊದಲನೇದು ಕೊನೇದು ಅಂತ ದೊಡ್ಡ ವ್ಯತ್ಯಾಸ ಏನೂ ಇರಲ್ಲ ಕಣೋ. ಸುಮ್ನೆ ಆಸೆ ಇಟ್ಕೋಬೇಡ. ಬೇಜಾರು ಆಗುತ್ತೆ, ಆಗ್ಲೇಬೇಕು. ಅಮೇರಿಕನ್ ಫುಟ್‌ಬಾಲಿನ ಪ್ರೊಫೆಷನಲ್ ತಂಡ ಅಂದ್ರೆ ಹುಡುಗಾಟನಾ? ಈ ದೇಶದಿಂದ ಮೂರು ಹುಡುಗರನ್ನ ನೋಡಿ ಒಬ್ಬನನ್ನ ಮಾತ್ರ ಕರ್ಕೊಂಡು ಹೋಗ್ತಾರೆ. ಆ ಮೂವರಲ್ಲಿ ನೀನೊಬ್ಬ ಇದ್ದೆಯಲ್ಲ! ನಿಮ್ಮ ಯೂನಿವರ್ಸಿಟಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ಕೊಂಡಿದ್ದ ಹುಡುಗ ನೀನು. ಅದೇನು ಸಣ್ಣ ವಿಷಯನಾ?

ಏನು ತೋರಿಸ್ತಿದೀಯ? ಓ... ಮೇಲ್. ಅವರು ನಿಂಗೂ ಕಳಿಸಿದ್ರಾ? ಹ್ಞೂಂ, ನಾನೇ ಬರೆದ ವರದಿ ಅಲ್ವಾ, ನಂಗೇ ತೋರಿಸ್ತೀಯ? ಲೀಡ್ಸ್ ಟ್ರಯಲ್ಸು, ಟೈಟ್ ಎಂಡ್, ಈಶಾನ್. ಓಟ ಚೆನ್ನಾಗಿದೆ, ತಡೆಯೋದು ಪರವಾಗಿಲ್ಲ, ಕೈ ದುರ್ಬಲ. ಮೂವತ್ತು ಎಸೆತದಲ್ಲಿ ಆರು ಬಿಟ್ಟಿದ್ದಾನೆ. ಸರಿಯಾಗೇ ಇದೆಯಲ್ಲ.

ಒಂದು ಬೆರಳು ಯಾಕೆ ತೋರಿಸ್ತೀಯ? ಒಂದೇ ಬಿಟ್ಟೆ ಅಂತಾನಾ? ಅಯ್ಯೋ ರಾಮ... ಆಡೋನ ಲೆಕ್ಕ ಬೇರೆ, ನೋಡೋನ ಲೆಕ್ಕ ಬೇರೆ ಕಣೋ. ಆಡೋನಿಗೆ ಹಿಡಿದದ್ದೆಲ್ಲ ನೆನಪಿರುತ್ತೆ, ಬಿಟ್ಟದ್ದು ಮರೆತುಹೋಗುತ್ತೆ.

ಈಗ ನಾನು ಹೇಳ್ತೀನಿ ಕೇಳು. ಟೈಟ್ ಎಂಡ್ ಅಂದ್ರೆ ಏನು? ಎರಡು ಕೆಲಸದವನು. ಒಂದು ಸಲ ಗೋಡೆ ಥರ ನಿಂತು ಎದುರಿಗೆ ನುಗ್ಗಿ ಬರೋ ದಾಂಡಿಗನನ್ನ ತಡೀಬೇಕು. ಮುಂದಿನ ಸಲ ಅದೇ ಗೋಡೆ ಕಾಲು ಬಂದ ಹಾಗೆ ಓಡಿ ಚೆಂಡು ಹಿಡೀಬೇಕು. ಹಡರ್ಸ್‌ಫೀಲ್ಡಿನ ಆ ರಗ್ಬಿ ಹುಡುಗ ಇದಾನಲ್ಲ, ಅವನು ಗೋಡೆ. ಬರೀ ಗೋಡೆ. ಓಡು ಅಂದ್ರೆ ಎಮ್ಮೆ ಎದ್ದ ಹಾಗೆ ಏಳ್ತಾನೆ. ಲೀಡ್ಸ್ ಹುಡುಗ ಓಡ್ತಾನೆ, ಆದ್ರೆ ಯಾರಾದ್ರೂ ಮೈಮೇಲೆ ಬಂದ್ರೆ ಮುಖ ತಿರುಗಿಸ್ತಾನೆ. ಎರಡೂ ಗೊತ್ತಿರೋನು ನೀನೊಬ್ನೇ...

ಅಂದ್ರೆ... ಎರಡೂ ಸ್ವಲ್ಪ ಸ್ವಲ್ಪ ಗೊತ್ತಿರೋನು. ಹಾಗಂದೆ. ಮೂರು ತಿಂಗಳಿಂದ ಕಲೀತಿರೋ ಆಟ, ಅದಕ್ಕೆ ಎಷ್ಟು ಬರುತ್ತೋ ಅಷ್ಟು. ಕೈ ಮಾತ್ರ ಇನ್ನೂ... ಹಿಡಿ!

...

ಎಡಗೈ. ನೋಡ್ಲೂ ಇಲ್ಲ ನೀನು! ಕಿಟಕಿ ಕಡೆ ಮುಖ ಇಟ್ಕೊಂಡು...

ಯಾಕೆ ನಗ್ತೀಯ? ನಗಬೇಡ. ಅದು ನಿಂಬೆಹಣ್ಣು, ಚೆಂಡಲ್ಲ. ಅಡುಗೆಮನೇಲಿ ಯಾರು ಬೇಕಾದ್ರೂ ಹಿಡೀತಾರೆ. ಕೊಡಿಲ್ಲಿ.

ಅವತ್ತು ಲೀಡ್ಸಲ್ಲಿ ಎಂಥಾ ಜಿಟಿಜಿಟಿ ಮಳೆ! ಚೆಂಡು ಸೋಪಿನ ಥರ ಜಾರ್ತಿತ್ತು. ಒರೆಸೋಕೆ ಟವೆಲ್ಲೂ ಇರಲಿಲ್ಲ, ಅರ್ಧ ಗಂಟೆ ಆದ್ಮೇಲೆ ಯಾರೋ ತಂದ್ರು. ಅಲ್ಲೀವರೆಗೆ ನೀನು ಐದು ಬಿಟ್ಟೆ, ನೆನಪಿದ್ಯಾ? ವಾರ್ಮ್ ಅಪ್ಪಲ್ಲಿ... ಹ್ಞಾಂ, ವಾರ್ಮ್ ಅಪ್ಪೇ. ಆದ್ರೇನು? ವಾರ್ಮ್ ಅಪ್ಪಲ್ಲಿ ಕೈ ಬೇರೆ ಇರುತ್ತಾ? ಅವರು ಕೇಳೋದು ಒಟ್ಟು ಕೈ ಹೇಗಿದೆ ಅಂತ. ನಾನು ಕ್ಯಾಮೆರಾ ಹಿಡಿದು, ನಾಲ್ಕು ನಿಮಿಷಕ್ಕೆ ಕತ್ತರಿಸಿ, ಫಾರಂ ತುಂಬಿ ಕಳಿಸೋನು ಅಷ್ಟೇ. ಎಂಎಸ್‌ಸಿ ಮಾಡ್ತಿರೋ ಗುರುಸಿದ್ದಪ್ಪನ ಮಾತು ಕೇಳಿ ಅಮೇರಿಕದವರು ತಂಡ ಕಟ್ತಾರಾ?

ಹಾಗೆ ನೋಡ್ಬೇಡ ಮಾರಾಯ.

ಸರಿ, ಕಟ್ತಾರೆ. ಪೂರ್ತಿ ಎರಡು ಗಂಟೆ ಯಾರು ನೋಡ್ತಾರೆ? ನಾನು ಕೊಟ್ಟ ನಾಲ್ಕು ನಿಮಿಷ ನೋಡ್ತಾರೆ, ನಾನು ಬರೆದ ಫಾರಂ ಓದ್ತಾರೆ. ಅದಕ್ಕೇ ನಾನು ಜಾಸ್ತಿ ಹುಷಾರಾಗಿರ್ಬೇಕು. ನಮ್ಮ ಹುಡುಗ, ವಾರ ವಾರ ನಾನು ಊಟಕ್ಕೆ ಹೋಗೋ ಮನೆಯವನು, ಅಂತ ಕೈ ಬಿಚ್ಚಿ ಅಂಕ ಹಾಕಿದ್ರೆ ನಾಳೆ ಯಾರಾದ್ರೂ ಕೇಳಲ್ವಾ? ಊರಲ್ಲಿ ನಮ್ಮ ಮಾವ ಕಾಲೇಜ್ ಮೇಷ್ಟ್ರು. ನನ್ನ ಪೇಪರನ್ನೇ ಎಲ್ಲರಿಗಿಂತ ಬಿಗಿಯಾಗಿ ತಿದ್ದಿ ಎರಡು ಅಂಕದಲ್ಲಿ ಫೇಲ್ ಮಾಡಿದ್ರು. ಅವ್ರು ಒಳ್ಳೇವ್ರೇ. ನಮ್ಮೋರ್ ಅಂತ ಒಂದು ಮುಲಾಜು ಇರಬಾರ್ದು, ಅಷ್ಟೇ. ಅರ್ಥ ಆಯ್ತಾ? ಅದೇ ಕಾರಣ. ಬೇರೆ ಏನೂ ಇಲ್ಲ.

ಡಬ್ಬಿ ಯಾಕೆ ತೆಗೀತಿದೀಯ? ಬೇಡ, ಇರಲಿ ಬಿಡು! ಆಮೇಲೆ ನಾನೇ... ಈಶಾನ್, ಚಟ್ನಿಪುಡಿ ಚೆಲ್ಲುತ್ತೆ...

ಓ.

ಒಬ್ಬಟ್ಟು.

ಏಲಕ್ಕಿ ಘಮ್ ಅಂತಿದೆ. ಇನ್ನೂ ಮೆತ್ತಗಿದೆ ನೋಡು, ಬೆಳಗ್ಗೆನೇ ಎದ್ದು ಮಾಡಿರ್ಬೇಕು. ಪಾಪ, ಆಸ್ಪತ್ರೆ ಡ್ಯೂಟಿ ಇಲ್ವಾ ಇವತ್ತು? ನಮ್ಮ ಕಡೆ ಇದಕ್ಕೆ ಹೋಳಿಗೆ ಅಂತೀವಿ. ನಿಮ್ಮಮ್ಮ ಮೈಸೂರಿನವ್ರು, ಒಬ್ಬಟ್ಟು ಅಂತಾರೆ. ಇಷ್ಟು ತೆಳ್ಳಗೆ ಈ ಬರ್ಮಿಂಗ್ಹ್ಯಾಮಲ್ಲಿ ಯಾರಿಗೂ ಬರಲ್ಲ. ಇವತ್ತು ಏನೋ ಹಬ್ಬ ಇರ್ಬೇಕು...

ಹ್ಞೂಂ? ಯಾವ ಹಬ್ಬ ಅಂತ ನಂಗೇನು ಗೊತ್ತು? ಏನೋ ಒಂದು. ನವೆಂಬರಲ್ಲಿ... ದೀಪಾವಳಿ ಆಗಿಹೋಯ್ತು. ಹುಟ್ಟುಹಬ್ಬನಾ? ಅಂಕಲ್‌ದು? ಅಲ್ವಾ. ನಿಮ್ಮಜ್ಜಿದಿರ್ಬೇಕು.

ಹಾಗ್ಯಾಕೆ ಆ ಒಬ್ಬಟ್ಟನ್ನೇ ನೋಡ್ತಿದೀಯ?

ನಿಮ್ಮನೇಲಿ ಯಾವಾಗ ಮಾಡ್ತಾರೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ನಿನ್ನ ಎ ಲೆವೆಲ್ ರಿಸಲ್ಟ್ ಬಂದ ದಿನ ಮಾಡಿದ್ರಂತೆ. ನಿನ್ನ ತಂಗಿ ಶರ್ವಾಣಿಗೆ ಮೆಡಿಕಲ್ ಸೀಟು ಸಿಕ್ಕಿದಾಗ ನಾನೂ ಇದ್ದೆ, ನಾಲ್ಕು ತಿಂದೆ. ನೀನು ಡ್ರೈವಿಂಗ್ ಟೆಸ್ಟ್ ಫೇಲ್ ಆದ ದಿನ ಬರೀ ಅನ್ನ ಸಾರು. ಒಳ್ಳೇ ಸುದ್ದಿ ಬಂದ್ರೆ ಮಾತ್ರ ಆ ಮನೇಲಿ ಬೇಳೆ ಬೇಯುತ್ತೆ. ಮಗ ಸೋತು ಮನೆಗೆ ಬಂದ ಮಾರನೇ ದಿನ...

ಇಲ್ಲ, ಇಲ್ಲ, ನೀನು ತಪ್ಪು ತಿಳ್ಕೋಬೇಡ! ಅಮ್ಮನ ಮೇಲೆ ಸಿಟ್ಟಾಗಬೇಡ. ನಿಂಗೆ ಸಮಾಧಾನ ಆಗ್ಲಿ ಅಂತ ಮಾಡಿರ್ತಾರೆ. ಆದ್ರೆ ಇದು ನಿಂಗಲ್ಲ, ನಂಗೆ ಕಳಿಸಿದ್ದು... ಅಲ್ವಾ. ಹೌದು.

ಏನಾದ್ರೂ ಮಾತಾಡೋ! ಇಂಗ್ಲಿಷಲ್ಲೇ ಬೈಯೋ!

...ಸರಿ. ಕೇಳು. ಹೇಳಿಬಿಡ್ತೀನಿ. ಕೈ ದುರ್ಬಲ ಅಂತ ಬರಿ ಅಂತ ನಿಮ್ಮಮ್ಮನೇ ಹೇಳಿದ್ದು. ಟ್ರಯಲ್ಸಿಗೆ ಹಿಂದಿನ ಭಾನುವಾರ, ಊಟ ಆದ್ಮೇಲೆ. ನೀನು ಮೇಲೆ ರೂಮಲ್ಲಿದ್ದೆ. ನಾನು ತಟ್ಟೆ ಒರೆಸ್ತಿದ್ದೆ, ಅವ್ರು ತೊಳೀತಿದ್ರು. ನಲ್ಲಿ ಬಿಟ್ಟೇ ಇತ್ತು. ಗುರು, ನನ್ನ ಕ್ಲಿನಿಕ್ಕಿಗೆ ಒಬ್ರು ಬರ್ತಾರೆ, ಅಂದ್ರು. ಐವತ್ತೊಂದು ವರ್ಷ. ಇಪ್ಪತ್ತು ವರ್ಷ ರಗ್ಬಿ ಆಡಿದ್ದಾರೆ. ತಲೆಗೆ ಬಿದ್ದ ಪೆಟ್ಟಿಗೆ ಲೆಕ್ಕ ಇಲ್ಲ. ಪಕ್ಕದಲ್ಲೇ ಕೂತಿರೋ ಸ್ವಂತ ಮಗಳನ್ನ ನನ್ನ ಹತ್ರ ನರ್ಸ್ ಅಂತ ಪರಿಚಯ ಮಾಡಿಸಿದ್ರು. ಹಾಗಂದ್ರು. ಅಂದು, ಅತ್ತುಬಿಟ್ರು ಈಶಾನ್. ನಿಮ್ಮಮ್ಮ ಅಳೋದನ್ನ ನಾನು ಯಾವತ್ತೂ ನೋಡಿರಲಿಲ್ಲ. ಅದಕ್ಕೇ ನಾನು... ಅವ್ರು ಕೇಳಿದ್ರು, ಮಾಡಿದೆ. ತಾಯಿ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?

ಎಲ್ಲಿಗೆ ಎದ್ದೆ? ಫೋನ್ ಇಡು. ಅಮ್ಮಂಗೆ ಮಾಡ್ಬೇಡ! ಬೇಡ ಅಂದ್ನಲ್ಲ... ಕಟ್ ಮಾಡು, ಕಟ್ ಮಾಡೋ!

ನಿಮ್ಮಮ್ಮ ಕೇಳ್ಲಿಲ್ಲಪಾ!

ಕೇಳಲೇ ಇಲ್ಲ. ಖರೇ ಹೇಳ್ತೀನಿ. ಕೂಡು. ಫೋನ್ ಕೆಳಗ ಇಡು, ನಿನಗ ಕೈ ಮುಗೀತೀನಿ. ನೋಡು, ಸುಳ್ಳು ಹೇಳೂ ಮುಂದ ಬೆಂಗಳೂರಿನ ಮಾತು ಚಂದ ಬರ್ತದ ನನಗ, ಖರೇ ಹೇಳೂ ಮುಂದ ಮಾತ್ರ ಧಾರವಾಡನ ಹೊರಗ ಬರ್ತದ.

ಅತ್ತಿದ್ದು ಖರೇ. ಅತ್ತು, ಕಣ್ಣು ಒರಿಸ್ಕೊಂಡು, ಏನ್ ಅಂದ್ರು ಗೊತ್ತದನ? ಅವನ ಆಸೆ ಗುರು, ನಾನು ಅಡ್ಡ ಬರಲ್ಲ, ನೀನು ಸರಿಯಾಗಿ ನೋಡಿ ಬರಿ, ಅಂದ್ರು. ಸರಿಯಾಗಿ ನೋಡಿ ಬರಿ! ಅಷ್ಟ. ನಲ್ಲಿ ಬಂದ್ ಮಾಡಿ ಒಳಗ ಹೋದ್ರು.

ಆರು ಅಂತ ನಾನ ಬರದೇನಿ. ಮೂವತ್ತರಾಗ ನೀ ಬಿಟ್ಟಿದ್ದು ಒಂದ. ಮಳ್ಯಾಗ ಬಿಟ್ಟ ಐದು ತಂದು ಅದರಾಗ ನಾನ ಕೂಡಿಸೇನಿ. ನೀ ಒಂದು ಕೈಲೆ ಹಿಡದಿದ್ಯಲ್ಲ, ಮೂಲ್ಯಾಗ, ಇಬ್ಬರು ಮೈಮ್ಯಾಲೆ ಇದ್ರು... ಅಂಥಾದ್ದು ನಾ ಜನ್ಮದಾಗ ನೋಡಿಲ್ಲ. ಕ್ಯಾಮೆರಾ ಹಿಡಕೊಂಡು ನಾನ ಕೂಗಿದ್ದೆ, ಫಿಲ್ಮಿನಾಗ ನನ್ನ ದನಿ ಅದ. ಅದನ್ನ ಕತ್ತರಿಸಿ ತಗದೆ. ಮೂವರಾಗ ನೀನ ಮೊದಲನೇದವ. ನನಗ ಗೊತ್ತಿತ್ತು.

ಯಾಕ ಅಂತ ಕೇಳ್ತಿ. ಬಾಯಿಲೆ ಕೇಳವಲ್ಲಿ, ಕಣ್ಣಿಲೆ ಕೇಳ್ತಿ.

ಎರಡು ವರ್ಷ ಆತು ನಿಮ್ಮ ಮನಿ ಅನ್ನ ಉಣ್ಣಲಿಕ್ಕೆ. ಖಾಲಿ ಡಬ್ಬಿ ತಿರುಗಿ ಕೊಡಬಾರದು ಅಂತ ನಮ್ಮವ್ವ ಕಲಿಸ್ಯಾಳ. ನನ್ನ ಕಡೆ ಏನಿತ್ತು? ಕಾಫಿ ಅಂಗಡ್ಯಾಗ ಪುಕ್ಕಟೆ ಇಟ್ಟಿರ್ತಾರಲ್ಲ ಸಕ್ಕರಿ ಪಾಕೀಟು, ಎರಡು ಕಿಸೇಕ ಹಾಕ್ಕೊಂಡು ಬಂದು ನಿಮ್ಮಮ್ಮನ ಡಬ್ಬ್ಯಾಗ ಹಾಕಿ ಕಳಸಾಂವ. ಪ್ರತಿ ಸಲ ಅದ. ಒಂದು ದಿನಾನೂ ಅವ್ರು ನಕ್ಕಿಲ್ಲ. ಥ್ಯಾಂಕ್ಸ್ ಮಗನೇ ಅಂತಿದ್ರು. ಮಗನೇ ಅಂತಿದ್ರೋ ನನಗ! ಆ ಮಾತಿಗೆ ನಾಚಿಕಿ ಬರ್ತಿತ್ತು. ಒಂದು ಸಲರೆ ಈ ಕೈಲೆ ಆ ಮನಿಗೆ ಏನರೆ ಕೊಡೂಣು ಅನ್ನಿಸ್ತು. ಅವ್ರು ಅತ್ತಿದ್ದು ಕಣ್ಣ ಮುಂದ ಇತ್ತು. ನಿನ್ನ ಕೊಟ್ಟೆ.

ನಿನ್ನನ್ನ ಕೇಳಲಾರದ, ನಿನ್ನ ಕೊಟ್ಟೆ.

ಅವ್ರಿಗೆ ಗೊತ್ತಾಗ್ಯದ. ಅದಕ್ಕ ಹೋಳಿಗಿ. ಇಲ್ಲಾ ಬರೇ ಮಗ ಉಳದಾನಂತ ಖುಷಿಲೆ ಮಾಡ್ಯಾರೋ, ನನಗೇನು ಗೊತ್ತು. ಬ್ಯಾಡ, ಅವರನ್ನ ಬೈಬ್ಯಾಡ. ತಪ್ಪು ನಂದು.

...ಏನು? ಲ್ಯಾಪ್‌ಟಾಪ್ ಯಾಕ ನನ್ನ ಕಡೆ ತಿರುಗಿಸ್ತಿ?

ನಾಲ್ಕೂ ನಲವತ್ತು.

ಇದನ್ನ ಕಳಿಸಿದ್ರ ಇನ್ನ ಮುಂದ ಯಾವ ತಂಡಾನೂ ನನ್ನ ಕೈಗೆ ಕ್ಯಾಮೆರಾ ಕೊಡಂಗಿಲ್ಲ. ಆತು, ಹೋಗ್ಲಿ. ಆದ್ರ ನಾಳೆ ನಿನ್ನ ತಲಿಗೆ ಏನರೆ ಆದ್ರ... ಹ್ಞಾಂ? ನಿನ್ನ ತಲಿ. ಹೌದಪಾ. ನಿನ್ನದ. ನನ್ನದಲ್ಲ, ನಿಮ್ಮಮ್ಮಂದೂ ಅಲ್ಲ.

ಬರೀತೀನಿ. ನೋಡ್ಕೋತ ಕೂಡು. ಈಶಾನ್ ಬಿಟ್ಟಿದ್ದು ಒಂದೇ ಎಸೆತ. ಉಳಿದ ಐದು ನಾನು ಸೇರಿಸಿದ್ದು. ಪೂರ್ತಿ ಫಿಲ್ಮ್ ಇಲ್ಲಿದೆ. ಹೆಸರು ಗುರುಸಿದ್ದಪ್ಪ. ಸಾಕಾ?

ಹೋತು.

ಹೋತಪಾ, ಕಳಿಸಿದೆ. ಈಗರೆ ಒಂದು ಮಾತು ಆಡು. ಒಂದು ತುಣುಕು ತಿನ್ನು. ತಟ್ಟಿ ಯಾಕ ತಗೋತಿ? ಎಲ್ಲಾ ಅದರಾಗ ಸುರುವಿದಿ... ನಾನೊಬ್ಬನ ಅಷ್ಟು ತಿನ್ಲೇನು? ಎಲ್ಲಿಗೆ ಹೊಂಟಿ? ಡಬ್ಬಿ ಯಾಕ ತೊಳಿತಿ, ನಾನ ತೊಳದು ಕಳಿಸ್ತಿದ್ದೆ...

ನನ್ನ ಮುಂದ ಯಾಕ ಇಟ್ಟಿ?

ಖಾಲಿ ಅದ ಈಶಾನ್. ಹಿಂಗ ಮುಚ್ಚಳ ತಗದು ಇಟ್ಟು, ಜಾಕೆಟ್ ಹಾಕ್ಕೊಂಡು, ಬಾಗಿಲದಾಗ ನಿಂತು ಕಾಯಬ್ಯಾಡ. ಸಕ್ಕರಿ ಪಾಕೀಟು ಅದಾವು, ಅಲ್ಲೇ ಕಪಾಟಿನಾಗ... ಅದನ್ನ ಹಾಕಲಿಕ್ಕೆ ಕೈ ಬರವಲ್ದು. ನೀನ ಹೇಳು. ನಿಮ್ಮಮ್ಮಗ ಇವತ್ತು ಇದರಾಗ ನಾ ಏನ್ ಹಾಕಿ ಕಳಿಸ್ಲಿ?